ಸೋನಾ ಮಸೂರಿ ಅಂಟಲಿಲ್ಲ: ಒಂದು ಜಪಾನಿ ಕತ್ತಿಯ ಒರೆ ರಿಪೇರಿ

ಜನವರಿ ಎರಡನೇ ವಾರ. ರಾತ್ರಿ ಊಟ ಆದಮೇಲೆ ಕತ್ತಿಗೆ ಎಣ್ಣೆ ಬದಲಿಸೋಣ ಅಂತ ಕಪಾಟಿನಿಂದ ತೆಗೆದೆ. ಒರೆ ಎಡಗೈಯಲ್ಲಿತ್ತು. ಹಿಡಿಯ ಕಡೆ ಒಂಚೂರು ಕೆಳಕ್ಕೆ ವಾಲಿತು, ಅಷ್ಟೇ. ಸರ್ರನೆ ಅಲಗು ತಾನಾಗಿ ಎರಡು ಇಂಚು ಹೊರಗೆ ಜಾರಿತು. ಗಾಬರಿಯಲ್ಲಿ ಅಡ್ಡ ಕೊಟ್ಟ ಬಲಗೈ ಹಿಡಿಗೆ ತಾಗಿತು, ಪುಣ್ಯ. ಅಲಗಿಗೆ ತಾಗಿದ್ದರೆ ಇದನ್ನೆಲ್ಲ ಒಂದೇ ಕೈಯಲ್ಲಿ ಟೈಪ್ ಮಾಡುತ್ತಿದ್ದೆ.

ನೆಟ್ಟಗಿರುವ ಜಪಾನಿ ಕತ್ತಿ ಹಾಗೆ ಜಾರುವುದಿಲ್ಲ. ತಲೆಕೆಳಗೆ ಹಿಡಿದರೂ ಒರೆಯಲ್ಲೇ ಕೂತಿರಬೇಕು. ಅಲಗಿನ ಬುಡಕ್ಕೆ ಉಂಗುರದ ಹಾಗೆ ಒಂದು ತಾಮ್ರದ ಪಟ್ಟಿ ಇರುತ್ತದೆ. ಅದರ ಹೆಸರು ಹಬಾಕಿ. ಒರೆಯ ಬಾಯಿ ಕಚ್ಚಿ ಹಿಡಿಯುವುದು ಅದೊಂದನ್ನೇ. ಆ ಬಾಯಿಗೆ ಕೊಯಿಗುಚಿ ಅಂತಾರೆ, ಕೊಯಿ ಮೀನಿನ ಬಾಯಿ ಅಂತ ಅರ್ಥ. ಟಾರ್ಚ್ ಬಿಟ್ಟು ನೋಡಿದೆ. ಮೀನು ಬಾಯಿ ಬಿಟ್ಟಿತ್ತು. ಒರೆಯ ಎರಡು ಮರದ ಹೋಳು ಕೂಡುವ ಗೆರೆ ಬಾಯಿಂದ ಒಳಕ್ಕೆ 9 ಸೆಂ.ಮೀ. ತನಕ ಬಿಟ್ಟುಕೊಂಡಿತ್ತು.

ತಪ್ಪು ನನ್ನದೇ. ಇಲ್ಲಿ ಜಪಾನಿನ ನಗೋಯಾದ ಚಳಿಗಾಲ ಒಣ ಚಳಿಗಾಲ. ಅದರ ಮೇಲೆ ರೂಮಿನ ಹೀಟರ್ ಗಾಳಿ ನೇರವಾಗಿ ಆ ಕಪಾಟಿಗೇ ಬೀಸುತ್ತಿತ್ತು. ಪಕ್ಕದಲ್ಲಿಟ್ಟ ತೇವ ಅಳೆಯುವ ಮೀಟರ್ 28 ಪರ್ಸೆಂಟ್ ತೋರಿಸುತ್ತಿತ್ತು. ಮರ ಇನ್ನೇನು ಮಾಡೀತು?

ಕತ್ತಿಯ ಬಗ್ಗೆ ಎರಡು ಮಾತು ಹೇಳಿಬಿಡುತ್ತೇನೆ. ಇದು ವಾಕಿಜಾಶಿ, ಅಂದರೆ ನಡುವಿನ ಸೈಜು. ಜಪಾನಿನಲ್ಲಿ ಅಲಗಿನ ಉದ್ದ ಒಂದು ಶಾಕುಗಿಂತ, ಅಂದರೆ 30.3 ಸೆಂ.ಮೀ.ಗಿಂತ ಕಡಿಮೆ ಇದ್ದರೆ ತಾಂತೊ. ಎರಡು ಶಾಕು ದಾಟಿದರೆ ಕತಾನಾ. ಮಧ್ಯದ್ದೆಲ್ಲ ವಾಕಿಜಾಶಿ. ನನ್ನದು 43.6 ಸೆಂ.ಮೀ., ಬಾಗು 1.1 ಸೆಂ.ಮೀ. ಮಾಡಿದವನ ಹೆಸರಿಲ್ಲ. ಎರಡು ತಿಂಗಳ ಬಾಡಿಗೆಯಷ್ಟು ದುಡ್ಡು ಕೊಟ್ಟು ತಂದೆ. ಕಾಗದ ಪತ್ರ ಇರುವ ದೊಡ್ಡ ಹೆಸರಿನ ಕತ್ತಿಗಳೆಲ್ಲ ನನ್ನ ಸಂಬಳಕ್ಕೆ ಮ್ಯೂಸಿಯಂ ಗಾಜಿನ ಹಿಂದೆಯೇ ಚಂದ.

'ಕತ್ತಿ ಮನೇಲಿಟ್ಟರೆ ಪೊಲೀಸ್ ಬರಲ್ವಾ?' ಅಂತ ಊರಿಂದ ಎಲ್ಲರೂ ಕೇಳುತ್ತಾರೆ. ಬರಲ್ಲ. 1945ರಲ್ಲಿ ಸೋತಮೇಲೆ ಇಲ್ಲಿ ಕತ್ತಿಗಳನ್ನು ಮನೆ ಮನೆಯಿಂದ ಕಸಿದುಕೊಂಡರು. ಆಮೇಲೆ ಕಲೆಯ ವಸ್ತುವಾಗಿ ಉಳಿಸಿಕೊಳ್ಳಲು ದಾರಿಯಾಯಿತು. ಈಗಿನ ಕಾನೂನು 1958ರದ್ದು. ಪ್ರತಿ ಕತ್ತಿಗೂ ಒಂದು ನೋಂದಣಿ ಚೀಟಿ ಇರಬೇಕು. ಅದನ್ನು ಕೊಡುವುದು ಪೊಲೀಸರಲ್ಲ, ಆಯಾ ಪ್ರಾಂತ್ಯದ ಶಿಕ್ಷಣ ಮಂಡಳಿ. ಉದ್ದ, ಬಾಗು, ಹಿಡಿಯೊಳಗೆ ಹೋಗುವ ಭಾಗದ ತೂತುಗಳ ಸಂಖ್ಯೆ, ಹೆಸರು ಕೊರೆದಿದೆಯೋ ಇಲ್ಲವೋ, ಎಲ್ಲ ಅದರಲ್ಲಿರುತ್ತದೆ. ಲೈಸೆನ್ಸ್ ಮನುಷ್ಯನಿಗಲ್ಲ, ಕತ್ತಿಗೆ. ಕೊಂಡವರು 20 ದಿನದೊಳಗೆ ಮಂಡಳಿಯಲ್ಲಿ ಮಾಲೀಕರ ಹೆಸರು ಬದಲಾಯಿಸಿಕೊಂಡರೆ ಆಯಿತು. ನಾನೂ ಹಾಗೇ ಮಾಡಿದೆ. ಚೀಟಿ ಸದಾ ಕತ್ತಿಯ ಜೊತೆಗೇ ಇರಬೇಕು.

ನನ್ನ ಕತ್ತಿ ಇರುವುದು ಶಿರಸಾಯದಲ್ಲಿ. ಸಾಯ ಅಂದರೆ ಒರೆ. ಸಾಯುವುದಕ್ಕೂ ಇದಕ್ಕೂ ಸಂಬಂಧ ಇಲ್ಲ. ಶಿರಸಾಯ ಅಂದರೆ ಬಿಳಿ ಒರೆ: ಬಣ್ಣ ಇಲ್ಲ, ಅರಗು ಇಲ್ಲ, ಹಗ್ಗ ಸುತ್ತಿದ ಹಿಡಿ ಇಲ್ಲ. ಬರೀ ಮರ. ಸಿನಿಮಾದಲ್ಲಿ ಇದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊಡೆದಾಡುವುದನ್ನು ತೋರಿಸುತ್ತಾರೆ, ಸುಳ್ಳು. ಇದು ಅಲಗು ಮಲಗುವ ಬಟ್ಟೆ ಅಷ್ಟೇ. ಮರದ ಹೆಸರು ಹೊನೊಕಿ. ಮೆತ್ತಗಿರುತ್ತದೆ, ಅಂಟು ಸೋರುವುದಿಲ್ಲ, ಅಲಗಿಗೆ ಗೀರು ಬೀಳಿಸುವುದಿಲ್ಲ. ಇದು ನಮ್ಮ ಸಂಪಿಗೆಯ ದಾಯಾದಿ ಅಂತ ಗೊತ್ತಾದಾಗ ಬಹಳ ಖುಷಿಯಾಗಿತ್ತು. ಎರಡೂ ಮ್ಯಾಗ್ನೋಲಿಯಾ ಕುಲದವು. ಮರವನ್ನು ಉದ್ದಕ್ಕೆ ಎರಡು ಹೋಳು ಮಾಡಿ, ಒಳಗೆ ಅಲಗಿನ ಆಕಾರಕ್ಕೆ ಕೊರೆದು, ಮತ್ತೆ ಅಂಟಿಸುತ್ತಾರೆ. ಯಾವುದರಿಂದ? ಅನ್ನದಿಂದ.

ಹೌದು, ಅನ್ನದಿಂದ. ಅದಕ್ಕೆ ಸೊಕುಯಿ ಅಂತ ಹೆಸರು. ಬೇಕಂತಲೇ ದುರ್ಬಲ ಅಂಟು. ಒಳಗೆ ಕಸ ಸೇರಿದಾಗ ಅಥವಾ ತುಕ್ಕು ಹಿಡಿದಾಗ ಒರೆಯನ್ನು ಬಿಚ್ಚಿ ಕ್ಲೀನ್ ಮಾಡಿ ಮತ್ತೆ ಅಂಟಿಸಬೇಕಲ್ಲ. ಗಟ್ಟಿ ಅಂಟು ಹಾಕಿದರೆ ಗೆರೆ ಬಿಡುವ ಬದಲು ಮರವೇ ಸೀಳುತ್ತದೆ.

ನಾನು ತಿಂಗಳಿಗೊಮ್ಮೆ ಹೋಗುವ ಕತ್ತಿ ನೋಡುವ ಸಭೆಯಲ್ಲಿ ಒಬ್ಬ ಹಿರಿಯರಿದ್ದಾರೆ. ನಾವೆಲ್ಲ ಸೆನ್ಸೇ, ಅಂದರೆ ಗುರುಗಳು, ಅಂತಲೇ ಕರೆಯುವುದು. ಅವರಿಗೆ ಫೋಟೊ ತೋರಿಸಿದೆ.

'ಒರೆಯ ಮೇಲೆ ಯಾರಾದರೂ ಬರೆದಿದ್ದಾರಾ?' ಅಂತ ಕೇಳಿದರು.

'ಇಲ್ಲ, ಸೆನ್ಸೇ.'

'ಹಾಗಾದರೆ ಪೂರ್ತಿ ಬಿಚ್ಚು. ಕೆಟ್ಟರೆ ಸಾಯಶಿ ಹತ್ತಿರ ಹೋಗಿ ಹೊಸದು ಮಾಡಿಸಿಕೋ. ಅಲಗಿಗೆ ಮಾತ್ರ ಏನೂ ಮಾಡಬೇಡ.'

ಸಾಯಶಿ ಅಂದರೆ ಒರೆ ಮಾಡುವವರು. ಬರೆದಿದ್ದಾರಾ ಅಂತ ಯಾಕೆ ಕೇಳಿದರು ಅಂದರೆ, ದೊಡ್ಡ ಪಂಡಿತರು ಕತ್ತಿಯ ಬಗ್ಗೆ ತಮ್ಮ ಅಭಿಪ್ರಾಯವನ್ನು ಶಿರಸಾಯದ ಮೇಲೆಯೇ ಮಸಿಯಲ್ಲಿ ಬರೆಯುವ ಪದ್ಧತಿ ಇದೆ. ಅಂಥ ಒರೆಯೇ ಒಂದು ದಾಖಲೆ. ಅದನ್ನು ನನ್ನಂಥವರು ಮುಟ್ಟಬಾರದು. ನನ್ನದು ಬೋಳು ಮರ. ಧೈರ್ಯ ಬಂತು.

ಮೊದಲ ಶನಿವಾರ: ಬಿಚ್ಚುವುದು

ಮೊದಲು ಅಲಗನ್ನು ಸುರಕ್ಷಿತವಾಗಿ ಹೊರಗೆ ತೆಗೆಯಬೇಕು. ಅಲಗಿನ ಹರಿತದ ಅಂಚು ಮೇಲ್ಮುಖ, ಬೆನ್ನು ಕೆಳಗೆ. ಅಲಗಿನ ಬೆನ್ನು ಮಾತ್ರ ಮರಕ್ಕೆ ತಾಗುವ ಹಾಗೆ ನಿಧಾನವಾಗಿ ಎಳೆದೆ. ಆಮೇಲೆ ಹಿಡಿ ತೆಗೆಯುವುದು. ಹಿಡಿಗೂ ಅಲಗಿನ ಬಾಲಕ್ಕೂ ಅಡ್ಡವಾಗಿ ಒಂದು ಗೂಟ ಹೋಗುತ್ತದೆ, ಮೆಕುಗಿ. ಇಡೀ ಕತ್ತಿಯನ್ನು ಹಿಡಿಗೆ ಸೇರಿಸಿ ಹಿಡಿದಿರುವುದು ಆ ಒಂದು ಬಿದಿರಿನ ಗೂಟ. ಚಿಕ್ಕ ಹಿತ್ತಾಳೆ ಸುತ್ತಿಗೆಯಿಂದ ಸಣ್ಣ ಬದಿಯಿಂದ ತಳ್ಳಿದರೆ ಈಚೆ ಬರುತ್ತದೆ. ಆಮೇಲೆ ಹಿಡಿಯನ್ನು ಎಡಗೈಯಲ್ಲಿ ನೆಟ್ಟಗೆ ಹಿಡಿದು, ಬಲಗೈ ಮುಷ್ಟಿಯಿಂದ ಎಡ ಮಣಿಕಟ್ಟಿನ ಮೇಲೆ ಗುದ್ದಬೇಕು. ಎರಡು ಮೂರು ಗುದ್ದಿಗೆ ಅಲಗು ಸಡಿಲವಾಗುತ್ತದೆ. ಮೊದಲ ಸಲ ಮಾಡುವಾಗ ಕೈ ನಡುಗಿತ್ತು. ಈಗಲೂ ಸ್ವಲ್ಪ ನಡುಗುತ್ತದೆ.

ಗೂಟ ನೋಡಿ ನಗು ಬಂತು. ಬಿದಿರಲ್ಲ. ಹೋಟೆಲಿನಲ್ಲಿ ಪುಕ್ಕಟೆ ಕೊಡುವ ಊಟದ ಕಡ್ಡಿಯ ತುಂಡು! ಹಿಂದೆ ಯಾರೋ ಮೂಲ ಗೂಟ ಕಳಕೊಂಡು, ಚಾಪ್‌ಸ್ಟಿಕ್ ಮುರಿದು ತುರುಕಿದ್ದಾರೆ. ಮಾರಿದವರೂ ನೋಡಿಲ್ಲ, ಮೂರು ತಿಂಗಳು ನಾನೂ ನೋಡಿಲ್ಲ. ಕೆಲಸ ಒಂದು ಜಾಸ್ತಿ ಆಯಿತು.

ಹಿಡಿ ತೆಗೆದಮೇಲೆ ಕಾಣುವ ಬಾಲ, ನಕಾಗೊ, ನನಗೆ ಇಡೀ ಕತ್ತಿಯಲ್ಲೇ ಇಷ್ಟದ ಭಾಗ. ಕಂದು ಕಪ್ಪು ತುಕ್ಕು, ಹಳೇ ಕಬ್ಬಿಣದ ಬಾಣಲೆಯ ಹಾಗೆ. ಇದನ್ನು ಉಜ್ಜಿದರೆ ಕಥೆ ಮುಗಿಯಿತು. ಅಲಗಿನ ವಯಸ್ಸಿಗೆ ಸಾಕ್ಷಿ ಹೇಳುವುದೇ ಆ ತುಕ್ಕು. ಉಕ್ಕಿನ ಬ್ರಶ್ ಹಾಕಿ ಫಳಫಳ ಮಾಡಿಟ್ಟ ಬಾಲಗಳನ್ನು ಸಭೆಯಲ್ಲಿ ನೋಡಿದ್ದೇನೆ. ಸೆನ್ಸೇ ಅಂಥವನ್ನು ಕೈಗೆ ತಗೊಂಡು, ಏನೂ ಮಾತಾಡದೆ ಪಕ್ಕಕ್ಕೆ ಕೊಡುತ್ತಾರೆ.

ಬಾಲದ ಮೇಲೆ ಅರದ ಗೆರೆಗಳು ಮಸುಕಾಗಿ ಕಾಣುತ್ತವೆ. ನಡುವಿನ ಏಣಿಂದ ಎರಡೂ ಕಡೆಗೆ ಓರೆಯಾಗಿ ಇಳಿಯುತ್ತವೆ, ಹಕ್ಕಿಯ ಗರಿಯ ಹಾಗೆ. ಇದಕ್ಕೆ ತಾಕಾನೊಹಾ ಅಂತಾರೆ, ಗಿಡುಗನ ಗರಿ. ಮಿನೊ ಪ್ರಾಂತ್ಯದ ಸೇಕಿ ಊರಿನ ಕಮ್ಮಾರರ ಗುರುತು ಅದು. ಸೇಕಿ ಇರುವುದು ಈಗಿನ ಗಿಫು ಪ್ರಾಂತ್ಯದಲ್ಲಿ, ನಮ್ಮ ನಗೋಯಾದಿಂದ ಉತ್ತರಕ್ಕೆ. ಇವತ್ತಿಗೂ ಚಾಕು ಕತ್ತರಿಗೆ ಹೆಸರಾದ ಊರು. ಪ್ರತಿ ವರ್ಷ ಜನವರಿ 2ಕ್ಕೆ ಅಲ್ಲಿ ವರ್ಷದ ಮೊದಲ ಸುತ್ತಿಗೆ ಏಟಿನ ಶಾಸ್ತ್ರ ಮಾಡುತ್ತಾರೆ. ಈ ಸಲ ಹೋಗಿದ್ದೆ. ಕೆಂಪಗೆ ಕಾದ ಉಕ್ಕಿನ ಮೇಲೆ ಏಟು ಬಿದ್ದಾಗ ಕಿಡಿ ಮುಂದಿನ ಸಾಲಿನವರ ಕಾಲ ಬುಡದ ತನಕ ಬರುತ್ತದೆ. ಜನ ಹಿಂದೆ ಸರಿಯುವ ಬದಲು ಮೊಬೈಲ್ ಮುಂದೆ ಚಾಚುತ್ತಾರೆ.

1500ರ ಆಸುಪಾಸಿನ ಯುದ್ಧಗಳ ಕಾಲದಲ್ಲಿ ಸೇಕಿಯಲ್ಲಿ ಕತ್ತಿಗಳನ್ನು ರಾಶಿ ರಾಶಿ ಮಾಡಿದರು. ನನ್ನದು ಅಂಥ ರಾಶಿಯಲ್ಲೊಂದು ಇರಬೇಕು. ಬೇಸರ ಏನಿಲ್ಲ. ಯಾವ ಸಾಮಾನ್ಯ ಸೈನಿಕನ ಸೊಂಟದಲ್ಲಿತ್ತೋ ಅಂತ ಯೋಚಿಸುವುದೇ ಒಂದು ಮಜಾ. ಬಾಲದಲ್ಲಿ ತೂತು ಎರಡಿವೆ. ಅಂದರೆ ಯಾವುದೋ ಕಾಲದಲ್ಲಿ ಹಿಡಿ ಬದಲಾಗಿದೆ, ಅಥವಾ ಅಲಗನ್ನೇ ಗಿಡ್ಡ ಮಾಡಿದ್ದಾರೆ. ಒಂದು ತೂತು ಸ್ವಲ್ಪ ಅಂಕುಡೊಂಕು, ಇನ್ನೊಂದು ದುಂಡಗೆ ನೀಟಾಗಿದೆ.

ಬಿಚ್ಚಿದ್ದೇ ಬಿಚ್ಚಿದ್ದು, ಒಶಿಗಾತ ಮಾಡಿಟ್ಟುಕೊಂಡೆ. ಬಾಲದ ಮೇಲೆ ತೆಳು ಕಾಗದ ಇಟ್ಟು, ಮೇಣ ಬೆರೆಸಿದ ಮಸಿಯ ಬಿಲ್ಲೆಯಿಂದ ಉಜ್ಜುವುದು. ಚಿಕ್ಕವರಿದ್ದಾಗ ನಾಣ್ಯದ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜುತ್ತಿದ್ದೆವಲ್ಲ, ಅದೇ. ಗರಿಯ ಗೆರೆಗಳು ಕಣ್ಣಿಗಿಂತ ಕಾಗದದಲ್ಲೇ ಚೆನ್ನಾಗಿ ಮೂಡಿದವು.

ಇದೇ ಹೊತ್ತಿಗೆ ಅಮ್ಮನ ವೀಡಿಯೊ ಕಾಲ್. ಮೇಜಿನ ಮೇಲೆ ಬರೀ ಅಲಗು ನೋಡಿ, 'ಅದಕ್ಕೆ ಆಯುಧ ಪೂಜೆ ದಿನ ಅರಿಶಿನ ಕುಂಕುಮ ಹಚ್ಚಿದ್ಯೇನೋ?' ಅಂದಳು. ಒದ್ದೆ ಕುಂಕುಮ ಈ ಉಕ್ಕಿನ ಮೇಲೆ ಒಂದು ರಾತ್ರಿ ಇದ್ದರೆ ಏನಾಗುತ್ತದೆ ಅಂತ ಹೇಳಲು ಹೋಗಿ ಬಿಟ್ಟುಬಿಟ್ಟೆ. 'ಪೆಟ್ಟಿಗೆಗೆ ಹಚ್ಚಿದ್ದೆ ಅಮ್ಮ' ಅಂದೆ. ಅದು ನಿಜವೂ ಹೌದು. ಊರಿಗೆ ಬರುವಾಗ ತಾ ಅಂದಳು. ಅದು ಆಗಲ್ಲ. ಹೊರಗೆ ಒಯ್ಯಬೇಕಾದರೆ ಇಲ್ಲಿನ ಸಂಸ್ಕೃತಿ ಇಲಾಖೆಯ ಪತ್ರ ಬೇಕು, ನೋಂದಣಿ ಚೀಟಿ ವಾಪಸ್ ಕೊಡಬೇಕು. ಕತ್ತಿ ಇಲ್ಲೇ ಹುಟ್ಟಿದ್ದು, ಇಲ್ಲೇ ಇರಲಿ.

ಅಲಗಿಗೆ ತೆಳುವಾಗಿ ಎಣ್ಣೆ ಸವರಿ, ಕಾಗದ ಸುತ್ತಿ, ಹತ್ತಿ ಬಟ್ಟೆಯಲ್ಲಿ ಕಟ್ಟಿ, ಚೀಟಿ ಸಮೇತ ಬೀಗ ಹಾಕುವ ಡ್ರಾಯರಿಗೆ ಸೇರಿಸಿದೆ.

ಈಗ ಒರೆ. ತೆಳು ಚಾಕುವಿನ ಮೊಂಡು ಬೆನ್ನನ್ನು ಬಿರುಕಿಗೆ ಇಟ್ಟು, ತಿರುಚದೆ, ನೇರ ಮುಂದಕ್ಕೆ ಒತ್ತುತ್ತಾ ಹೋದೆ. ಅನ್ನದ ಅಂಟು ಬಿಡುವ ಸದ್ದು ಕೇಳಬೇಕು, ಒಣಗಿದ ಹುರುಳಿ ಸಿಪ್ಪೆ ಒಡೆದ ಹಾಗೆ ಚಟ್ ಚಟ್ ಅಂತ. ಹತ್ತು ನಿಮಿಷಕ್ಕೆ ತುದಿ ತಲುಪಿದೆ. ಎರಡು ಹೋಳು ಬೇರೆ. ಒಂದು ಚಕ್ಕೆಯೂ ಎದ್ದಿಲ್ಲ.

ಒಳಗೆ ನೋಡಿದರೆ, ನನ್ನನ್ನು ಎರಡು ತಿಂಗಳಿಂದ ಕಾಡುತ್ತಿದ್ದ ಪ್ರಶ್ನೆಗೆ ಉತ್ತರ ಸಿಕ್ಕಿತು. ಅಲಗಿನ ಒಂದು ಬದಿಯಲ್ಲಿ ಕೂದಲಿನಷ್ಟು ಸಣ್ಣ ಗೀರುಗಳು ಹೊಸದಾಗಿ ಕಾಣಿಸಿಕೊಂಡಿದ್ದವು. ಇಲ್ಲಿ ಅವಕ್ಕೆ ಹಿಕೆ ಅಂತಾರೆ. ನಾನು ಒರೆಸುವ ರೀತಿಯೇ ಸರಿಯಿಲ್ಲ ಅಂದುಕೊಂಡಿದ್ದೆ. ಒರೆಯೊಳಗೆ ಅದೇ ಬದಿಯಲ್ಲಿ ಎಣ್ಣೆ ಕುಡಿದು ಕಪ್ಪಾದ ಒಂದು ಪಟ್ಟಿ. ಅದರ ಮೇಲೆ ಬೂದು ಬಣ್ಣದ ಪುಡಿ ಗಟ್ಟಿಯಾಗಿ ಕೂತಿತ್ತು. ಅದು ಉಚಿಕೊ.

ಉಚಿಕೊ ಅಂದರೆ ಸಿನಿಮಾದಲ್ಲಿ ಸಮುರಾಯಿಗಳು ಕತ್ತಿಯ ಮೇಲೆ ಪಟಪಟ ತಟ್ಟುವ ಬಿಳಿ ಚೆಂಡು. ಒಳಗಿರುವುದು ಸಾಣೆ ಕಲ್ಲಿನ ನಯವಾದ ಪುಡಿ. ಹಳೇ ಎಣ್ಣೆಯನ್ನು ಹೀರಲು ಅದನ್ನು ಬಳಸುತ್ತಾರೆ. ಎಷ್ಟು ನಯ ಅಂದರೂ ಕಲ್ಲು ಕಲ್ಲೇ. ಹಿಂದಿನವರು ಪ್ರೀತಿ ಜಾಸ್ತಿಯಾಗಿ ವಾರ ವಾರ ತಟ್ಟಿ, ಪೂರ್ತಿ ಒರೆಸದೆ ಒಳಗೆ ಹಾಕಿರಬೇಕು. ವರ್ಷಗಟ್ಟಲೆ ಪುಡಿ ಉದುರಿ, ಎಣ್ಣೆಗೆ ಅಂಟಿ, ಒರೆಯೊಳಗೇ ಒಂದು ಸಾಣೆ ಕಾಗದ ತಯಾರಾಗಿದೆ. ಪ್ರತಿ ಸಲ ಎಳೆದಾಗಲೂ ಗೀರು. ನಾನಂತೂ ಉಚಿಕೊ ಬಿಟ್ಟು ಬಹಳ ದಿನ ಆಯಿತು. ಶುದ್ಧ ಎಥನಾಲ್, ಮೆತ್ತನೆ ಟಿಶ್ಯೂ, ಅಷ್ಟೇ. ಶಾಸ್ತ್ರ ಬಿಟ್ಟೆ ಅಂತ ಬೈಯುವವರು ಬೈಯಲಿ.

ಕ್ಲೀನ್ ಮಾಡುವಾಗ ಕೈ ತಾನಾಗೇ ಸ್ಯಾಂಡ್ ಪೇಪರ್ ಕಡೆಗೆ ಹೋಯಿತು. ತಡೆದೆ. ಸ್ಯಾಂಡ್ ಪೇಪರಿನ ಹರಳುಗಳು ಮೆತ್ತನೆ ಮರದಲ್ಲಿ ಚುಚ್ಚಿಕೊಂಡು ಅಲ್ಲೇ ಉಳಿಯುತ್ತವೆ. ಉಚಿಕೊ ತೆಗೆದು ಅದಕ್ಕಿಂತ ಕೆಟ್ಟದ್ದನ್ನು ತುಂಬಿದ ಹಾಗಾಗುತ್ತದೆ. ಹರಿತ ಉಳಿಯಿಂದ ಹೆರೆಯುವುದೊಂದೇ ದಾರಿ. ಈರುಳ್ಳಿ ಸಿಪ್ಪೆಗಿಂತ ತೆಳುವಾಗಿ, ಕಪ್ಪು ಪಟ್ಟಿಯನ್ನು ಮಾತ್ರ ಹೆರೆದೆ. ಬ್ರಶ್, ವ್ಯಾಕ್ಯೂಮ್, ಮತ್ತೆ ಹೆರೆಯುವುದು. ಸಂಜೆ ತನಕ ಇದೇ ಕೆಲಸ.

ಮರುದಿನ: ಯಾರೋ ಮಾಡಿದ ತಪ್ಪು

ಅಂಟಿಸಲು ಕೂತಾಗ ಕಂಡಿದ್ದು. ಬಾಯಿಯ ಹತ್ತಿರ 4 ಸೆಂ.ಮೀ. ಉದ್ದಕ್ಕೆ ಅಂಚಿನ ಮೇಲೆ ಪಾರದರ್ಶಕ ಪದರ. ಉಗುರು ಹಾಕಿದರೆ ಪ್ಲಾಸ್ಟಿಕ್ ಥರ. ಅನ್ನ ಅಲ್ಲ, ಬಡಗಿಗಳ ಬಿಳಿ ಗೋಂದು. ಹಿಂದೊಮ್ಮೆಯೂ ಇಲ್ಲೇ ಬಿಟ್ಟುಕೊಂಡಿದೆ, ಯಾರೋ ಗೋಂದು ಹಾಕಿ ಒತ್ತಿದ್ದಾರೆ. ಹಳೇ ಅನ್ನದ ಪದರದ ಮೇಲೇ ಹಾಕಿದ್ದರಿಂದ ಅದೂ ಸರಿಯಾಗಿ ಹಿಡಿದಿಲ್ಲ. ಈಗ ಅದರ ಮೇಲೆ ಅನ್ನವೂ ಹಿಡಿಯುವುದಿಲ್ಲ.

ಬಿಸಿನೀರಲ್ಲಿ ಹಿಂಡಿದ ಬಟ್ಟೆಯ ಕಿರಿದಾದ ಪಟ್ಟಿಯನ್ನು ಅಂಚಿನ ಮೇಲೆ 20 ನಿಮಿಷ ಇಟ್ಟೆ. ಗೋಂದು ಹಾಲಿನ ಕೆನೆಯ ಹಾಗೆ ಬೆಳ್ಳಗಾಗಿ ಮೆತ್ತಗಾಯಿತು. ಬಿದಿರಿನ ಚೂಪು ಮಾಡಿದ ಕಡ್ಡಿಯಿಂದ ಸುರುಳಿ ಸುರುಳಿಯಾಗಿ ಎಬ್ಬಿಸಿದೆ. ಮುಕ್ಕಾಲು ಪಾಲು ಬಂತು. ಉಳಿದದ್ದಕ್ಕೆ ತಾಳ್ಮೆ ಇರಲಿಲ್ಲ, ಉಳಿ ಹಿಡಿದೆ. ಒಂದು ಕಡೆ ಜಾರಿ, ಅಕ್ಕಿ ಕಾಳಿನಷ್ಟು ಚಕ್ಕೆ ಎದ್ದೇ ಬಿಟ್ಟಿತು. ಆ ಚಕ್ಕೆಯನ್ನು ಲಕೋಟೆಯಲ್ಲಿ ಹಾಕಿ, ಮೇಲೆ ತಾರೀಕು ಬರೆದಿಟ್ಟೆ.

ಒದ್ದೆಯಾದ ಮರ ಒಣಗಲಿ ಅಂತ ಒಂದು ವಾರ ಬಿಟ್ಟೆ.

ಎರಡನೇ ಶನಿವಾರ: ಅನ್ನ

ನಮ್ಮ ಕಡೆ ಮಕ್ಕಳಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಗಾಳಿಪಟ ಹರಿದರೆ ಅನ್ನದ ಅಗುಳು. ಪುಸ್ತಕದ ರಟ್ಟು ಬಿಟ್ಟರೆ ಅಗುಳು. ಅದೇ ಧೈರ್ಯದಲ್ಲಿ ಮಧ್ಯಾಹ್ನ ಊಟಕ್ಕೆ ಮಾಡಿದ ಸೋನಾ ಮಸೂರಿ ಅನ್ನವನ್ನೇ ಎರಡು ಚಮಚ ತಗೊಂಡು, ಹಲಗೆ ಮೇಲೆ ಹಾಕಿ, ಮರದ ಚಪ್ಪಟೆ ಕಡ್ಡಿಯಿಂದ ಅರೆಯತೊಡಗಿದೆ. ಹದಿನೈದು ನಿಮಿಷ ಅರೆದೆ. ಅಂಟಾಗಲಿಲ್ಲ, ಉಪ್ಪಿಟ್ಟಾಯಿತು. ರವೆ ರವೆ. ನೀರು ಹಾಕಿದರೆ ಗಂಜಿ.

'ರೀ, ಉದುರುದುರಾಗಿ ಬರ್ಲಿ ಅಂತಾನೇ ಅಲ್ವಾ ಆ ಅಕ್ಕಿ ತರೋದು? ಅದು ಹೆಂಗೆ ಅಂಟುತ್ತೆ?' ಅಂದಳು ಹೆಂಡತಿ, ಅಡುಗೆಮನೆಯಿಂದಲೇ.

ಅಷ್ಟು ಸುಲಭದ ಮಾತು ಹೊಳೆದಿರಲಿಲ್ಲ. ಅಗುಳಿಂದ ಕಾಗದ ಅಂಟಿಸುವುದು ಬೇರೆ, ಮರ ಬೇರೆ. ಜಪಾನಿನ ಗಿಡ್ಡ ಅಕ್ಕಿಯಲ್ಲಿ ಅಂಟಿನ ಅಂಶವೇ ಜಾಸ್ತಿ. ಕೊಶಿಹಿಕಾರಿ ಅಕ್ಕಿಯನ್ನು ಸ್ವಲ್ಪ ನೀರು ಜಾಸ್ತಿ ಹಾಕಿ ಬೇಯಿಸಿದೆ. ಬಿಸಿ ಇರುವಾಗಲೇ ಹಲಗೆ ಮೇಲೆ ಒತ್ತಿ, ಎಳೆದು, ಮಡಚಿ, ಮತ್ತೆ ಒತ್ತಿದೆ. ಮೊದಲು ಅಗುಳು ಕಾಣುತ್ತಿತ್ತು. ಐದು ನಿಮಿಷಕ್ಕೆ ಮುದ್ದೆ. ಹತ್ತು ನಿಮಿಷಕ್ಕೆ ಹಲಗೆ ಬಿಟ್ಟು ಏಳುವುದಿಲ್ಲ ಅನ್ನುವ ಹಟ. ಇಪ್ಪತ್ತಕ್ಕೆ ಒಂದು ಕಾಳೂ ಸಿಗದ, ಹೊಳೆಯುವ, ಬೆರಳೆರಡನ್ನು ಒತ್ತಿ ಬಿಡಿಸಿದರೆ ದಾರ ದಾರವಾಗಿ ಏಳುವ ಅಂಟು. ಒಂದೇ ಒಂದು ಗಂಟು ಉಳಿದರೂ ಅಲ್ಲಿ ಗೆರೆ ಕೂಡುವುದಿಲ್ಲ. ಅದಕ್ಕೇ ಅರೆದಷ್ಟೂ ಒಳ್ಳೆಯದು.

ಅಂಚಿನ ಪೂರ್ತಿ ಅಗಲಕ್ಕೆ ಹಚ್ಚಬಾರದು. ಹೊರಗಿನ ಮುಕ್ಕಾಲು ಭಾಗಕ್ಕೆ ಮಾತ್ರ, ತೆಳುವಾಗಿ. ಒತ್ತಿದಾಗ ಅಂಟು ಒಳಕ್ಕೆ ಹಿಂಡಿಕೊಂಡರೆ ಅಲಗಿನ ದಾರಿಯಲ್ಲಿ ಒದ್ದೆ ಅನ್ನ ಕೂತಿರುತ್ತದೆ. ಮುಂದಿನದು ತುಕ್ಕು. ಎರಡೂ ಹೋಳಿಗೆ ಹಚ್ಚಿ, ಬಾಯಿಯ ಕಡೆಯಿಂದ ಸರಿ ಹೊಂದಿಸಿ ಮುಚ್ಚಿದೆ.

ಬಿಗಿಯುವುದು ಇನ್ನೊಂದು ಕಲೆ. ಒರೆ ಬಾಗಿದೆ, ಅಂಡಾಕಾರ ಇದೆ. ಕ್ಲಾಂಪ್ ಹಾಕಿದರೆ ಜಾರುತ್ತದೆ, ಕಚ್ಚಿದ ಗುರುತು ಬೀಳುತ್ತದೆ. ಇಲ್ಲಿನ ಸಾಯಶಿಗಳು ಹಗ್ಗ ಸುತ್ತಿ, ಹಗ್ಗದ ಕೆಳಗೆ ಮರದ ಬೆಣೆ ಹೊಡೆದು ಬಿಗಿ ಮಾಡುತ್ತಾರೆ. ನಾನು ಹತ್ತಿ ಹಗ್ಗವನ್ನು ಎರಡೆರಡು ಸೆಂ.ಮೀ.ಗೆ ಒಂದು ಸುತ್ತಿನ ಹಾಗೆ ಸುತ್ತಿದೆ. ಬೆಣೆಗೆ ಅದೇ ಪುಕ್ಕಟೆ ಚಾಪ್‌ಸ್ಟಿಕ್! ಸೀಳಿ ಚೂಪು ಮಾಡಿ, ಗೆರೆಯ ಎದುರು ಬದಿಗಳಲ್ಲಿ ಒಂದೊಂದಾಗಿ ತಟ್ಟಿದೆ. ಬೆಣೆ ಒಳಗೆ ಹೋದ ಹಾಗೆ ಗೆರೆಯುದ್ದಕ್ಕೂ ಬೆವರಿನ ಹನಿಯ ಥರ ಅಂಟು ಹೊರಗೆ ಇಣುಕಿತು. ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಆ ಕಡ್ಡಿಗಳನ್ನು ಬೈದಿದ್ದು ವಾಪಸ್ ತಗೊಂಡೆ.

ಕಾಯುವುದು

ಎಷ್ಟು ದಿನ ಒಣಗಿಸಬೇಕು? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಹೊರಗೆ ಒಣಗಿದ್ದು ಕಾಣುತ್ತದೆ, ಒಳಗಿನದು ಕಾಣುವುದಿಲ್ಲ. ಅಡುಗೆಮನೆಯ ತಕ್ಕಡಿ ತಂದೆ. ಅಂಟಿಸುವ ಮೊದಲು ಒರೆಯ ತೂಕ 121.4 ಗ್ರಾಂ. ಹಗ್ಗ ಬೆಣೆಗಳ ತೂಕ ಕಳೆದು ನೋಡಿದರೆ ಅಂಟಿಸಿದ ತಕ್ಷಣ 124.9. ಎರಡನೇ ದಿನ 123.2. ಐದನೇ ದಿನ 122.6. ಎಂಟನೇ ದಿನ 122.5. ಒಂಬತ್ತು, ಹತ್ತನೇ ದಿನವೂ 122.5. ಅಂದರೆ ಹೋಗಬೇಕಾದ ನೀರು ಹೋಗಿದೆ, ಉಳಿದ ಒಂದು ಗ್ರಾಂ ಚಿಲ್ಲರೆ ಒಣ ಅನ್ನ. ಸೆನ್ಸೇಗೆ ಈ ಅಂಕಿ ತೋರಿಸಿದೆ. ಬಹಳ ನಕ್ಕರು. ಆಮೇಲೆ ತಮ್ಮ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು.

ಕಾಯುವ ದಿನಗಳಲ್ಲಿ ಗೂಟ ಮಾಡಿದೆ. ಇದಕ್ಕೆ ಅತ್ಯುತ್ತಮ ಅಂದರೆ ಸುಸುದಾಕೆ, ಹೊಗೆ ಹಿಡಿದ ಬಿದಿರು. ಹಳೇ ಹಳ್ಳಿ ಮನೆಗಳಲ್ಲಿ ಒಲೆಯ ಮೇಲಿನ ಸೂರಿನಲ್ಲಿ ನೂರಾರು ವರ್ಷ ಹೊಗೆ ಕುಡಿದು ಕಂದಾದದ್ದು. ನನಗೆ ತೀರ್ಥಹಳ್ಳಿ ಕಡೆಯ ಅಜ್ಜಿ ಮನೆಯ ಅಟ್ಟ ನೆನಪಾಯಿತು. ಒಲೆಯ ಮೇಲೆ ಅಡಿಕೆ, ಉಪ್ಪಿನಕಾಯಿ ಭರಣಿ, ಮಸಿ ಹಿಡಿದು ಮಿರಮಿರ ಹೊಳೆಯುವ ಬಿದಿರ ಗಳ. ಆ ಗಳಕ್ಕೆ ಬೆಲೆ ಇದೆ ಅಂತ ಆಗ ಗೊತ್ತಿರಲಿಲ್ಲ. ಇಲ್ಲಿ ಗೇಣುದ್ದದ ತುಂಡಿಗೆ ದುಡ್ಡು ಕೊಟ್ಟು ತಂದೆ.

ಬಿದಿರಿನ ಗಟ್ಟಿ ಇರುವುದು ಹೊರ ಸಿಪ್ಪೆಯ ಹತ್ತಿರ. ಒಳಗಿನದು ಬರೀ ಹತ್ತಿ. ಆದ್ದರಿಂದ ಒಳಗಿನಿಂದ ಮಾತ್ರ ಕೆತ್ತುತ್ತಾ, ಸಿಪ್ಪೆಯ ಕಡೆಯನ್ನು ಆದಷ್ಟು ಉಳಿಸಬೇಕು. ಒಂದು ತುದಿ ಸ್ವಲ್ಪ ಸಣ್ಣ, ಒಂದು ಸ್ವಲ್ಪ ದಪ್ಪ. ಮೊದಲನೆಯದು ಸಡಿಲ. ಎರಡನೆಯದು ತೂತಿಗೆ ಹೋಗದೆ ಅರ್ಧಕ್ಕೆ ಸಿಕ್ಕಿಕೊಂಡು, ತೆಗೆಯಲು ಅರ್ಧ ಗಂಟೆ. ಮೂರನೆಯದು ಹೆಬ್ಬೆರಳಿಂದ ಒತ್ತಿದಾಗ ಮುಕ್ಕಾಲು ಹೋಗಿ ನಿಂತಿತು, ಸುತ್ತಿಗೆಯ ಎರಡು ಏಟಿಗೆ ಸರಿಯಾಗಿ ಕೂತಿತು. ಹಿಡಿಯನ್ನು ಅಲ್ಲಾಡಿಸಿದರೆ ಸದ್ದಿಲ್ಲ.

ನಾಲ್ಕನೇ ಭಾನುವಾರ: ಅತಿ ಬುದ್ಧಿವಂತಿಕೆ

ಹಗ್ಗ ಬಿಚ್ಚಿದೆ. ಗೆರೆ ಹುಡುಕಬೇಕು, ಹಾಗೆ ಕೂಡಿತ್ತು. ಅಲಗನ್ನು ನಿಧಾನ ಇಳಿಸಿದೆ. ಹಬಾಕಿ ಬಾಯಿಗೆ ಬಂದು ನಿಂತುಬಿಟ್ಟಿತು. ಅರ್ಧ ಸೆಂ.ಮೀ. ಒಳಗೆ ಹೋಗುತ್ತಿಲ್ಲ. ಯಾಕೆ ಅಂದರೆ, ಗೋಂದು ತೆಗೆಯುವಾಗ ಉಳಿಯಿಂದ ಅಂಚನ್ನೂ ಹೆರೆದಿದ್ದೆನಲ್ಲ, ಅಷ್ಟು ಮರ ಕಡಿಮೆಯಾಗಿ ಎರಡು ಹೋಳು ಹತ್ತಿರ ಬಂದಿವೆ. ಬಾಯಿ ಕಿರಿದಾಗಿದೆ.

ಒತ್ತಿ ತುರುಕಿದರೆ ಅನ್ನದ ಗೆರೆ ಮತ್ತೆ ಬಿಡುತ್ತದೆ. ಹಬಾಕಿ ಎಲ್ಲಿ ಒತ್ತುತ್ತದೋ ಅಲ್ಲಿ ಮರ ಹೊಳೆಯುತ್ತದೆ. ಟಾರ್ಚ್ ಹಾಕಿ ಆ ಹೊಳಪು ಹುಡುಕಿ, ಉಳಿಯಿಂದ ಒಂದು ಸಲ ಹೆರೆದೆ. ಇಳಿಸಿದೆ. ಸ್ವಲ್ಪ ಮುಂದೆ ಹೋಯಿತು. ಇನ್ನೊಂದು ಸಲ. ಇನ್ನೂ ಒಂದು ಸಲ. ಇಲ್ಲಿ ನಿಲ್ಲಿಸಬೇಕಿತ್ತು. 'ಸ್ವಲ್ಪ ಸಲೀಸಾಗಲಿ' ಅಂತ ಮತ್ತೊಂದು ಹೆರೆದೆ. ಕತ್ತಿ ಮತ್ತೆ ಮೊದಲಿನ ಹಾಗೇ ಸರ್ರನೆ ಜಾರಿತು. ಮೂರು ವಾರದ ಕೆಲಸ, ಶುರುವಾದ ಜಾಗಕ್ಕೇ ವಾಪಸ್.

ಪುಣ್ಯಕ್ಕೆ ಇದಕ್ಕೆ ಇಲ್ಲಿನವರು ಬಳಸುವ ಹಳೇ ಮದ್ದು ಇದೆ. ತೆಳು ಮರದ ಹಾಳೆಯನ್ನು ಬಾಯಿಯ ಒಳಗೋಡೆಗೆ ಅಂಟಿಸುವುದು. ಮರದ ಅಂಗಡಿಯಿಂದ ಹೊನೊಕಿ ತುಂಡೊಂದನ್ನು ತಂದು, ಹತ್ರಿಯಿಂದ ಒಂದು ಉದ್ದ ಸಿಪ್ಪೆ ತೆಗೆದೆ. ಆಚೆ ಬೆಳಕು ಕಾಣುವಷ್ಟು ತೆಳು. ಬೆರಳುಗುರಿನಷ್ಟು ಕತ್ತರಿಸಿ, ಫ್ರಿಜ್‌ನಲ್ಲಿದ್ದ ಕೊಶಿಹಿಕಾರಿ ಅನ್ನವನ್ನು ಮತ್ತೆ ಅರೆದು, ಒಳಗೆ ಅಂಟಿಸಿ, ಬೆಣೆ ಕೊಟ್ಟು ಬಿಟ್ಟೆ. ಮೂರು ದಿನ.

ಆಮೇಲೆ ಇಳಿಸಿದಾಗ ಅಲಗು ಸಲೀಸಾಗಿ ಹೋಗಿ, ಕೊನೆಯ ಒಂದು ಸೆಂ.ಮೀ.ನಲ್ಲಿ ತಡೆದು, ಹೆಬ್ಬೆರಳ ಒತ್ತಿಗೆ 'ತೊಪ್' ಅಂತ ಕೂತಿತು. ಹಾಸಿಗೆಯ ಮೇಲೆ ದಿಂಬು ರಾಶಿ ಹಾಕಿ, ತಲೆಕೆಳಗು ಮಾಡಿ ಹತ್ತು ಎಣಿಸಿದೆ. ಅಲ್ಲಾಡಲಿಲ್ಲ.

ಒಳಗೆ ಹಾಕುವ ಮೊದಲು ಕೊನೆಯ ಸಲ ಅಲಗು ನೋಡಿದೆ. ಟ್ಯೂಬ್‌ಲೈಟಿನಲ್ಲಿ ಜಪಾನಿ ಕತ್ತಿ ಸ್ಟೀಲ್ ಸ್ಕೇಲಿನ ಥರ ಕಾಣುತ್ತದೆ. ಎಲ್ಲ ದೀಪ ಆರಿಸಿ, ತಂತಿ ಕಾಣುವ ಹಳೇ ಬಲ್ಬ್ ಒಂದನ್ನೇ ಹಚ್ಚಿ, ಅಲಗಿನ ತುದಿಯನ್ನು ಬಲ್ಬಿನ ಕಡೆಗೆ ಓರೆ ಮಾಡಬೇಕು. ಆಗ ಹಾಮೊನ್ ಏಳುತ್ತದೆ. ಕಾಸಿದ ಅಲಗನ್ನು ನೀರಿಗೆ ಅದ್ದುವ ಮೊದಲು ಮೈಗೆ ಮಣ್ಣು ಮೆತ್ತಿರುತ್ತಾರೆ. ತೆಳುವಾಗಿ ಮೆತ್ತಿದ ಹರಿತದ ಅಂಚಿನ ಕಡೆ ಬೇಗ ತಣ್ಣಗಾಗಿ ಗಟ್ಟಿಯಾಗುತ್ತದೆ, ಬೆನ್ನು ಮೆತ್ತಗೆ ಉಳಿಯುತ್ತದೆ. ಆ ಎರಡರ ನಡುವಿನ ಗಡಿಯೇ ಹಾಮೊನ್, ಮಂಜಿನ ಗೆರೆ. ನನ್ನದರಲ್ಲಿ ಅಲ್ಲಲ್ಲಿ ಚೂಪಾದ ಶಿಖರಗಳಿವೆ, ಮಿನೊ ಕಡೆಯ ಕೈ. ತುದಿಗೆ ಹೋದಾಗ ಗೆರೆ ದುಂಡಗೆ ತಿರುಗಿ ಕುತ್ತಿಗೆಯ ಹತ್ತಿರ ಕಿರಿದಾಗುತ್ತದೆ. ಬೋಳು ತಲೆಯ ಜಿಜೊ ದೇವರ ಪಕ್ಕನೋಟದ ಹಾಗೆ ಕಾಣುವುದರಿಂದ ಜಿಜೊ ಬೋಶಿ ಅಂತಾರೆ. ಅದೂ ಮಿನೊ ಗುರುತೇ. ಗರಿಯ ಗೆರೆ, ಶಿಖರ, ಜಿಜೊ, ಮೂರೂ ಒಂದೇ ಊರಿನ ಕಡೆ ಕೈ ತೋರಿಸುತ್ತಿವೆ.

ಮೈಯ ಮೇಲೆ ಮರದ ನಾರಿನ ಥರ ಕಾಣುವುದು ಮಡಚಿ ಮಡಚಿ ಬಡಿದ ಉಕ್ಕಿನ ಪದರ. ನಮ್ಮ ಕಡೆಯ ಹಳೇ ಉಕ್ಕು ಬೇರೆ ದಾರಿಯದು, ಮೂಸೆಯಲ್ಲಿ ಕರಗಿಸಿದ್ದು. ಇಂಗ್ಲಿಷಿನವರು ಅದಕ್ಕೆ ವೂಟ್ಸ್ ಅಂದರು, ಆ ಪದ ನಮ್ಮ 'ಉಕ್ಕು' ಇಂದಲೇ ಬಂದಿದ್ದು ಅನ್ನುವವರಿದ್ದಾರೆ. ಸಭೆಯಲ್ಲಿ ಇದನ್ನು ಹೇಳಿದಾಗ ಎಲ್ಲರೂ 'ಉಕ್ಕು, ಉಕ್ಕು' ಅಂತ ಹೇಳಿ ನೋಡಿದರು. ಜಪಾನಿ ಬಾಯಿಗೆ ಬಹಳ ಸಲೀಸಾಗಿ ಕೂರುವ ಪದ.

ಗೀರುಗಳು ಹಾಗೇ ಇವೆ. ತೆಗೆಸಬೇಕಾದರೆ ಸಾಣೆಯವರ ಹತ್ತಿರ ಕೊಡಬೇಕು. ಆ ಕೆಲಸ ಕಲಿಯಲು ವರ್ಷಗಟ್ಟಲೆ ಬೇಕು. ಸಾಣೆ ಹಿಡಿದಷ್ಟೂ ಅಲಗು ಸವೆಯುತ್ತದೆ, ಸವೆದ ಉಕ್ಕು ವಾಪಸ್ ಬರುವುದಿಲ್ಲ. ಕೂದಲೆಳೆಯ ಗೀರಿಗೆ ಅಷ್ಟು ಮಾಡಿಸಲು ನನಗೆ ಮನಸ್ಸಿಲ್ಲ. ಹೊಸದು ಬೀಳದಿದ್ದರೆ ಸಾಕು. ಆರು ವಾರ ಆಯಿತು, ಇನ್ನೂ ಬಿದ್ದಿಲ್ಲ.

ಒರೆಯ ತುದಿಯಲ್ಲಿ ಎರಡು ಹೋಳು ಕೂಡುವ ಜಾಗದಲ್ಲಿ ಉಗುರಿಗೆ ಸಿಗುವಷ್ಟು ಮೆಟ್ಟಿಲು ಉಳಿದಿದೆ. ಹಗ್ಗ ಸುತ್ತುವಾಗ ಜಾರಿದ್ದು. ಅಕ್ಕಿ ಕಾಳಿನಷ್ಟು ಚಕ್ಕೆ ಇನ್ನೂ ಲಕೋಟೆಯಲ್ಲೇ ಇದೆ, ಸರಿಯಾದ ಜಾಗಕ್ಕೆ ಕೂರಲಿಲ್ಲ. ಕಪಾಟನ್ನು ಹೀಟರ್ ಎದುರಿನಿಂದ ಇನ್ನೊಂದು ಗೋಡೆಗೆ ಸರಿಸಿದ್ದೇನೆ. ಜೂನ್‌ನಲ್ಲಿ ಇಲ್ಲಿ ಮಳೆ ಹಿಡಿದರೆ ಮರ ಉಬ್ಬುತ್ತದೆ, ಬಾಯಿ ಮತ್ತೆ ಬಿಗಿಯಾಗಬಹುದು. ಆದರೆ ಆಗಲಿ. ಆ ತೆಳು ಸಿಪ್ಪೆಯನ್ನು ಕಿತ್ತು ತೆಗೆದರಾಯಿತು, ಅನ್ನದಲ್ಲಿ ತಾನೇ ಅಂಟಿಸಿದ್ದು.